ಮರದ ಹೊರಗೋಡೆಗೆ ಇಟ್ಟಿಗೆಯ ರೂಪ: ನಮ್ಮ ಕಡೆಯ ಮಳೆಗೆ ತಾಳುತ್ತದೆಯೇ?

ಮಾಳಿಗೆಮನೆ, ಹೊಸನಗರ ತಾಲ್ಲೂಕು (ಫೆಬ್ರವರಿ)

ಎಲ್ಲರಿಗೂ ನಮಸ್ಕಾರ. ನಮ್ಮದು ಬಿದನೂರು ನಗರದ ಹತ್ತಿರ ಅಜ್ಜ ಕಟ್ಟಿಸಿದ ಮನೆ. ಕೆಳಗೆ ಜಂಬಿಟ್ಟಿಗೆ ಕಲ್ಲಿನ ಗೋಡೆ, ಮೇಲೆ ಮರದ ತೊಲೆ, ಹಲಗೆಯ ಮುಚ್ಚಿಗೆ, ಅದರ ಮೇಲೆ ಮಾಳಿಗೆ, ಕೊನೆಗೆ ಮಂಗಳೂರು ಹೆಂಚು. ಮಾಳಿಗೆಯ ಪಶ್ಚಿಮದ ಬದಿಗೆ ಇದುವರೆಗೆ ಗೋಡೆಯೇ ಇರಲಿಲ್ಲ. ಅಡಿಕೆ ದಬ್ಬೆಯ ತಟ್ಟಿ, ಮಳೆಗಾಲ ಬಂದರೆ ಅದರ ಮೇಲೆ ಸೋಗೆ. ಈಗ ಅಲ್ಲಿ ಮಗಳಿಗೆ ಒಂದು ಕೋಣೆ ಮಾಡಬೇಕು.

ಎರಡು ವರ್ಷದ ಹಿಂದೆ ಜಗುಲಿಯನ್ನು ಮುಂದಕ್ಕೆ ಬೆಳೆಸಿದಾಗ ಕೆಂಪು ಇಟ್ಟಿಗೆಯಲ್ಲಿ ಕಟ್ಟಿಸಿ, ಗಿಲಾವು ಮಾಡಿಸದೆ ಹಾಗೆಯೇ ಬಿಟ್ಟಿದ್ದೆವು. ಚೆನ್ನಾಗಿ ಬಂದಿದೆ. ಮೇಲಿನ ಗೋಡೆಯೂ ಹಾಗೆಯೇ ಕಾಣಬೇಕೆಂದು ಮಗಳ ಆಸೆ. ಮೇಸ್ತ್ರಿ ತೊಲೆಯ ಮೇಲೆ ಇಟ್ಟಿಗೆ ಬೇಡವೇ ಬೇಡ ಎಂದ. ಅವಳು ಮೊಬೈಲಿನಲ್ಲಿ ಯಾವುದೋ ವಿದೇಶದ ಮನೆಯ ಚಿತ್ರ ತೋರಿಸಿದಳು: ಮರದ ಹಲಗೆಯಲ್ಲೇ ಇಟ್ಟಿಗೆಯ ಸಂದುಗಳನ್ನು ಕೊರೆದು ಬಣ್ಣ ಹಚ್ಚಿದ್ದಾರೆ. ಹತ್ತು ವರ್ಷದ ಹಿಂದೆ ಗಾಳಿಗೆ ಬಿದ್ದ ಹಲಸಿನ ಮರವನ್ನು ಸಿಗಿಸಿ ಇಟ್ಟ ಹಲಗೆಗಳು ಅಟ್ಟದಲ್ಲಿ ಇವೆ. ಅದರಲ್ಲೇ ಹೀಗೆ ಮಾಡಿಸಬಹುದೇ? ಗೋಡೆ ಸುಮಾರು 9 ಮೀಟರ್ ಉದ್ದ, 2 ಮೀಟರ್ ಎತ್ತರ. ಪಶ್ಚಿಮ ಎಂದರೆ ಎರಚಲು ನೇರವಾಗಿ ಬಡಿಯುವ ಬದಿ ಎಂದು ನಿಮಗೆ ಹೇಳಬೇಕಾಗಿಲ್ಲ.

ಜಂಬಿಟ್ಟಿಗೆ ಅಭಿಮಾನಿ, ಸಾಗರ

ಮಾರಾಯರೇ, ಮರವಿದ್ದರೆ ಮರದಂತೆ ಕಾಣಲಿ. ಹಲಸಿನ ಕೆಚ್ಚಿನ ಹಳದಿ ಬಣ್ಣವನ್ನು ಮುಚ್ಚಿ ಅದಕ್ಕೆ ಇಟ್ಟಿಗೆಯ ವೇಷ ಕಟ್ಟುವುದೇಕೆ? ಇನ್ನು ಸ್ವಲ್ಪ ದಿನ ಹೋದರೆ ಇಟ್ಟಿಗೆಗೆ ಮರದ ವೇಷ ಕಟ್ಟುತ್ತೀರಿ.

ಶಿವಮೊಗ್ಗ ಸಿವಿಲ್

ಆ ಕೆಲಸ ಆಗಲೇ ನಡೆಯುತ್ತಿದೆ. ಸಿಮೆಂಟಿನ ಹಲಗೆಗೆ ಮರದ ಅಚ್ಚು ಒತ್ತಿ ಮಾರುತ್ತಾರೆ, ಜನ ಕೊಳ್ಳುತ್ತಾರೆ.

ಮಾಳಿಗೆಮನೆಯವರೇ, ನಿಮ್ಮ ಮೇಸ್ತ್ರಿ ಹೇಳಿದ್ದು ಸರಿ. ಅರ್ಧ ಇಟ್ಟಿಗೆ ದಪ್ಪದ, ಅಂದರೆ ನಾಲ್ಕೂವರೆ ಇಂಚಿನ ಗೋಡೆಯೇ ಒಂದು ಚದರ ಮೀಟರಿಗೆ 200 ಕಿಲೋ ದಾಟುತ್ತದೆ. ನಿಮ್ಮ 18 ಚದರ ಮೀಟರಿಗೆ ಸುಮಾರು ನಾಲ್ಕು ಟನ್. ಅಡಿಕೆ ಮೂಟೆ ಹೊತ್ತ ತೊಲೆ ಇದನ್ನೂ ಹೊರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮೂಟೆಯ ಭಾರ ಮಾಳಿಗೆಯ ತುಂಬ ಹರಡಿರುತ್ತದೆ, ಋತು ಮುಗಿದರೆ ಇಳಿಯುತ್ತದೆ. ಗೋಡೆಯ ಭಾರ ಒಂದೇ ಗೆರೆಯಲ್ಲಿ ವರ್ಷವಿಡೀ ಕುಳಿತಿರುತ್ತದೆ. ಮುಕ್ಕಾಲು ಇಂಚಿನ ಹಲಗೆ, ಹಿಂದಿನ ರೀಪು ಎಲ್ಲ ಸೇರಿದರೂ ಚದರ ಮೀಟರಿಗೆ 20 ಕಿಲೋ ಆಸುಪಾಸು. ಹಾಗಾಗಿ ಮರ ಎಂಬ ಆಯ್ಕೆಯಲ್ಲಿ ತಪ್ಪಿಲ್ಲ. ಇಟ್ಟಿಗೆಯ ರೂಪದ ಬಗ್ಗೆ ಬಡಗಿಗಳು ಹೇಳಲಿ.

ಕೊಪ್ಪದ ಕಾಫಿಗಿಡ

ನನ್ನ ಕಥೆ ಕೇಳಿ. ಹೋಂಸ್ಟೇಗೆಂದು ಕಟ್ಟಿಸಿದ ಎರಡು ಕೋಣೆಗೆ ಹೊರಗಿನಿಂದ ಬಂದ ಒಬ್ಬ ಗುತ್ತಿಗೆದಾರ ಇದನ್ನೇ ಮಾಡಿಕೊಟ್ಟ. ಪ್ಲೈವುಡ್ಡಿನ ಮೇಲೆ ಯಂತ್ರದಲ್ಲಿ ಇಟ್ಟಿಗೆಯ ಗೆರೆ ಕೊರೆಸಿದ್ದ. ಮಾರ್ಚಿನಲ್ಲಿ ನೋಡಿದವರೆಲ್ಲ ಮುಟ್ಟಿ ನೋಡಿ, ಮರವೇ ಎಂದು ಬೆರಗಾಗುತ್ತಿದ್ದರು. ಆರಿದ್ರಾ ಮಳೆಗೆ ಗೆರೆಯ ಅಂಚು ಉಬ್ಬಿತು. ಪುಷ್ಯ ಮಳೆಯ ಹೊತ್ತಿಗೆ ಪದರ ಬಿಟ್ಟು ದೋಸೆಯ ಅಂಚಿನಂತೆ ಎದ್ದು ನಿಂತಿತು. ಹಿಂದೆ ಬೂಷ್ಟು, ಅದರ ಹಿಂದೆ ಒರಲೆ. ದೀಪಾವಳಿಗೆ ಕಿತ್ತು ಬಚ್ಚಲ ಒಲೆಗೆ ಹಾಕಿದೆ. ಅಂಟಿನ ವಾಸನೆಗೆ ಅದೂ ಸರಿಯಾಗಿ ಉರಿಯಲಿಲ್ಲ.

ಹಳೆ ಕೀಸುಳಿ, ಸಾಗರ ತಾಲ್ಲೂಕು

ಕಾಫಿಗಿಡದವರ ಪ್ಲೈವುಡ್ ಹಾಳಾಗಲು ಅಂಟು ಒಂದೇ ಕಾರಣವಲ್ಲ. ನಲವತ್ತು ವರ್ಷ ಕೀಸುಳಿ ಹಿಡಿದವನ ಮಾತು, ಸ್ವಲ್ಪ ಉದ್ದವಾಗುತ್ತದೆ.

ಮರ ಎಂದರೆ ಸಣ್ಣ ಕೊಳವೆಗಳ ಕಟ್ಟು. ಕೊಳವೆಗಳು ಹಲಗೆಯ ಉದ್ದಕ್ಕೆ ಓಡುತ್ತವೆ. ಹಲಗೆಯ ಮುಖದ ಮೇಲೆ ನೀರು ಬಿದ್ದರೆ ಬಹುಪಾಲು ಜಾರಿ ಹೋಗುತ್ತದೆ. ಅಡ್ಡ ಕೊಯ್ದ ತುದಿಗೆ ಬಿದ್ದರೆ ಕೊಳವೆಯ ಬಾಯಿಗೇ ಬಿದ್ದಂತೆ, ಕುಡಿಯುತ್ತದೆ. ಅದಕ್ಕೇ ಹಿಂದಿನವರು ಪಕಾಸಿನ ತುದಿಗೆ ಗೇರೆಣ್ಣೆಯನ್ನು (ಗೇರುಬೀಜದ ಸಿಪ್ಪೆಯ ಎಣ್ಣೆ) ಎರಡೆರಡು ಸಲ ಹಚ್ಚುತ್ತಿದ್ದರು, ಸೂರಿನ ಹೆಂಚನ್ನು ತುದಿಗಿಂತ ಮುಂದಕ್ಕೆ ಚಾಚುತ್ತಿದ್ದರು. ಬಾಗಿಲ ಚೌಕಟ್ಟು ಎಲ್ಲಿ ಕುಂಬಾಗುತ್ತದೆ ನೋಡಿ: ಹೊಸಿಲಿನ ಹತ್ತಿರ, ಬುಡದಲ್ಲಿ. ಅಲ್ಲಿ ತುದಿ ಇದೆ.

ಈಗ ಇಟ್ಟಿಗೆ ಗೋಡೆಯನ್ನು ನೆನಪಿಸಿಕೊಳ್ಳಿ. ಅಡ್ಡಡ್ಡ ಸಂದುಗಳು ಉದ್ದಕ್ಕೆ ಓಡುತ್ತವೆ, ನಡುವೆ ಪ್ರತಿ ಇಟ್ಟಿಗೆಗೂ ಒಂದು ನಿಲುವು ಸಂದು. ಮಲಗಿಸಿದ ಹಲಗೆಯಲ್ಲಿ ಅಡ್ಡ ಸಂದು ಕೊರೆದರೆ ನಾರಿನ ಜೊತೆಗೇ ಹೋಗುತ್ತೀರಿ, ಅಷ್ಟು ತೊಂದರೆಯಿಲ್ಲ. ನಿಲುವು ಸಂದು ಕೊರೆದ ಕೂಡಲೇ ನಾರು ಕತ್ತರಿಸಿತು. ಹಲಗೆಯ ನಡುಮಧ್ಯದಲ್ಲಿ, ಮಳೆಯ ಎದುರಿಗೆ, ಹೊಸದಾಗಿ ಎರಡು ತುದಿ ಹುಟ್ಟಿಸಿದಿರಿ. ಅಂಗುಲದ ಕಾಲುಭಾಗ ಆಳವಿದ್ದರೂ ಸಾಕು.

ಶಿವಮೊಗ್ಗ ಸಿವಿಲ್

ಕೀಸುಳಿಯವರು ಹೇಳಿದ್ದನ್ನು ಲೆಕ್ಕ ಹಾಕಿ ನೋಡಿದೆ. ಸಂದು ಸೇರಿಸಿ ಒಂದು ಇಟ್ಟಿಗೆಯ ಮುಖ 200 ಮಿಲಿಮೀಟರ್ ಉದ್ದ, 100 ಎತ್ತರ ಎಂದುಕೊಂಡರೆ ಒಂದು ಚದರ ಮೀಟರಿಗೆ 50 ಇಟ್ಟಿಗೆ, ಅಂದರೆ 50 ನಿಲುವು ಸಂದು. ಇವರ ಗೋಡೆಗೆ 900. ಪ್ರತಿ ಸಂದಿಗೆ ಎರಡು ದಡ, ಒಟ್ಟು 1,800 ಕಡೆ ಮರದ ಬಾಯಿ ತೆರೆದಂತೆ. ಅಷ್ಟಕ್ಕೂ ತಪ್ಪದೆ ಎಣ್ಣೆ ಕುಡಿಸಿದೆ ಎಂದು ಹೇಳುವ ಪೇಂಟರನ್ನು ನಾನಿನ್ನೂ ನೋಡಿಲ್ಲ.

ಮಾಳಿಗೆಮನೆ

ಹಾಗಾದರೆ ಹಲಗೆಯನ್ನು ನಿಲ್ಲಿಸಿ ಹೊಡೆದರೆ? ಆಗ ನಿಲುವು ಸಂದು ನಾರಿನ ಜೊತೆಗೆ ಹೋಗುತ್ತದೆಯಲ್ಲ.

ಹಳೆ ಕೀಸುಳಿ

ಆಗ ಅಡ್ಡ ಸಂದು ನಾರನ್ನು ಕತ್ತರಿಸುತ್ತದೆ. ಅಡ್ಡ ಸಂದಿನಲ್ಲಿ ನೀರು ನಿಲ್ಲುವುದೂ ಹೆಚ್ಚು. ನಿಲುವು ಸಂದಿಯಿಂದ ನೀರು ಇಳಿದಾದರೂ ಹೋಗುತ್ತದೆ. ಬಾಣಲೆಯಿಂದ ಬೆಂಕಿಗೆ.

ತುಂಗಾತೀರ, ಈಗ ವರ್ಜೀನಿಯಾ

ನನ್ನ ತವರು ತೀರ್ಥಹಳ್ಳಿ. ಈ ವಿಷಯ ನೋಡಿ ಬರೆಯದೆ ಇರಲಾಗಲಿಲ್ಲ, ಏಕೆಂದರೆ ನಮ್ಮ ಮನೆಯಿಂದ ಅರ್ಧ ಗಂಟೆಯ ದಾರಿಯಲ್ಲಿ ಇಂಥದೇ ಗೋಡೆ ಇದೆ: ಪೊಟೊಮ್ಯಾಕ್ ನದಿಯ ದಂಡೆಯ ಮೌಂಟ್ ವರ್ನನ್, ಜಾರ್ಜ್ ವಾಷಿಂಗ್ಟನ್ನರ ಮನೆ. ದೂರದಿಂದ ಬಿಳಿಯ ಕಲ್ಲಿನ ಕಟ್ಟಡ. ಹತ್ತಿರ ಹೋದರೆ ಪೈನ್ ಮರದ ಹಲಗೆ. 1750ರ ದಶಕದ ಕೊನೆಯಲ್ಲಿ ಮನೆಯನ್ನು ದೊಡ್ಡದು ಮಾಡಿಸಿದಾಗ ಹಲಗೆಯ ಅಂಚುಗಳನ್ನು ಓರೆಯಾಗಿ ಕೆತ್ತಿಸಿ ಕಲ್ಲಿನ ದಿಮ್ಮಿಗಳಂತೆ ಕಾಣಿಸಿದರು. ಹಸಿ ಬಣ್ಣದ ಮೇಲೆ ಮರಳು ಎರಚಿಸಿದರು. ಕಲ್ಲಿನ ತರಿತನ ಬರಬೇಕು, ಮರವೂ ಬಾಳಿಕೆ ಬರಬೇಕು ಎಂಬ ಎರಡೂ ಉದ್ದೇಶ ಇದ್ದದ್ದನ್ನು ವಾಷಿಂಗ್ಟನ್ನರೇ ಪತ್ರದಲ್ಲಿ ಬರೆದಿದ್ದಾರೆ. ಅದಕ್ಕೂ ಮೊದಲು, 1748ರಿಂದ 1750ರ ನಡುವೆ, ರೋಡ್ ಐಲೆಂಡಿನ ನ್ಯೂಪೋರ್ಟಿನಲ್ಲಿ ರೆಡ್‌ವುಡ್ ಗ್ರಂಥಾಲಯವನ್ನು ಹೀಗೆಯೇ ಕಟ್ಟಿದ್ದಾರೆ. ಎರಡೂ ಇಂದಿಗೂ ನಿಂತಿವೆ. ಅಂದರೆ ಆಗದ ಕೆಲಸವೇನೂ ಅಲ್ಲ.

ಶಿವಮೊಗ್ಗ ಸಿವಿಲ್

ಅಕ್ಕ, ಒಳ್ಳೆಯ ಉದಾಹರಣೆ. ಆದರೆ ಅವರು ಅನುಕರಿಸಿದ್ದು ಕಲ್ಲನ್ನು ಎಂಬುದನ್ನು ಗಮನಿಸಿ. ಕಲ್ಲಿನ ದಿಮ್ಮಿ ದೊಡ್ಡದು. ಎರಡಡಿ ಉದ್ದ, ಒಂದಡಿ ಎತ್ತರ ಎಂದರೂ ಚದರ ಮೀಟರಿಗೆ ಐದಾರು ನಿಲುವು ಸಂದು ಮಾತ್ರ. ಇಟ್ಟಿಗೆಗೆ 50. ಜೊತೆಗೆ ಆ ಮನೆಗೆ ಬಣ್ಣ ಹಚ್ಚಲು, ಹಲಗೆ ಬದಲಿಸಲು ವರ್ಷವಿಡೀ ಜನರಿದ್ದಾರೆ. ಬಿದನೂರು ನಗರದಲ್ಲಿ ಅಡಿಕೆ ಸುಲಿಯಲೂ ಜನ ಸಿಗುತ್ತಿಲ್ಲ.

ಮಳೆಯೂ ಒಂದೇ ಅಲ್ಲ. ಆಗುಂಬೆಗೆ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಬೀಳುತ್ತದೆ, ಹೆಚ್ಚಿನದು ನಾಲ್ಕೇ ತಿಂಗಳಲ್ಲಿ. ಬಿದ್ದ ನೀರಿಗಿಂತ ಒಣಗಲು ಬಿಡುವು ಸಿಗದಿರುವುದೇ ನಮ್ಮ ತೊಂದರೆ. ಮರದ ತೇವ ನೂರಕ್ಕೆ 20ರ ಒಳಗಿದ್ದರೆ ಕೊಳೆಸುವ ಶಿಲೀಂಧ್ರ ಬೆಳೆಯುವುದು ಕಷ್ಟ. ಜುಲೈಯಲ್ಲಿ ನಮ್ಮ ಪಶ್ಚಿಮದ ಗೋಡೆಗಳಲ್ಲಿ 20ರ ಕೆಳಗೆ ಎಲ್ಲಿದೆ?

ಕೊಪ್ಪದ ಕಾಫಿಗಿಡ

ಇಂಗ್ಲೆಂಡಿನಲ್ಲಿ ಇಟ್ಟಿಗೆಗೆ ತೆರಿಗೆ ಹಾಕಿದ್ದಕ್ಕೆ ಜನ ಮರದ ಮನೆಯ ಮೇಲೆ ಇಟ್ಟಿಗೆಯಂಥ ಹೆಂಚು ಹೊಡೆದು ಸರ್ಕಾರದ ಕಣ್ಣು ತಪ್ಪಿಸಿದರು ಎಂದು ಎಲ್ಲೋ ಓದಿದ್ದೆ. ಸರ್ಕಾರ ಯಾವ ಕಾಲಕ್ಕೂ ಒಂದೇ.

ತುಂಗಾತೀರ

ಹೆಂಚು ನಿಜ, ತೆರಿಗೆಯ ಕಥೆ ಅನುಮಾನ. ಸಸೆಕ್ಸಿನ ಲೂಯಿಸ್, ಬ್ರೈಟನ್ ಕಡೆ ಅಂಥ ಮನೆಗಳು ಈಗಲೂ ಇವೆ. ಮ್ಯಾಥಮ್ಯಾಟಿಕಲ್ ಟೈಲ್ ಎನ್ನುತ್ತಾರೆ. ಮರದ ಚೌಕಟ್ಟಿನ ಮೇಲೆ ಒಂದರ ಮೇಲೊಂದು ತೂಗುಹಾಕಿ, ಸಂದಿಗೆ ಗಾರೆ ತುಂಬಿದರೆ ಇಟ್ಟಿಗೆಯೇ ಅನ್ನಿಸುತ್ತದೆ. ಆದರೆ 1784ರಲ್ಲಿ ತೆರಿಗೆ ಬಂದಾಗ ಇಟ್ಟಿಗೆಯ ಜೊತೆ ಹೆಂಚಿಗೂ ಬಿತ್ತು. ಹೆಂಚಿನ ತೆರಿಗೆ ಹೋದದ್ದು 1833ರಲ್ಲಿ, ಇಟ್ಟಿಗೆಯದು 1850ರಲ್ಲಿ. ಹಳೆಯ ಮರದ ಮನೆಗೆ ಹೊಸ ಕಾಲದ ಮುಖ ಬೇಕಿತ್ತು, ಅಷ್ಟೇ.

ಇಲ್ಲಿ ಅಮೆರಿಕದಲ್ಲಿ 1930ರ ನಂತರ ಇನ್ನೊಂದು ಬಂತು: ನಾರಿನ ಹಲಗೆಗೆ ಡಾಂಬರು ಕುಡಿಸಿ, ಮೇಲೆ ಕೆಂಪು ಕಲ್ಲುಪುಡಿ ಅಂಟಿಸಿ ಇಟ್ಟಿಗೆಯ ಚಿತ್ರ ಮಾಡಿದ್ದು. ಇನ್ಸುಲ್‌ಬ್ರಿಕ್ ಎಂದು ಹೆಸರು. ಬಡಬಗ್ಗರ ಮರದ ಮನೆಗಳಿಗೆ ಹೊಡೆದರು. ನೀರು ಒಳಗೆ ಹೋದರೆ ಹೊರಗೆ ಬರಲು ದಾರಿಯಿಲ್ಲದೆ ಹಿಂದಿನ ಮರ ಕೊಳೆತ ಮನೆಗಳು ಎಷ್ಟೋ.

ಜಂಬಿಟ್ಟಿಗೆ ಅಭಿಮಾನಿ

ನೋಡಿದಿರಾ? ವೇಷ ಕಟ್ಟಿದವರೆಲ್ಲ ಬೆಳಗಿನ ತನಕ ಕುಣಿಯಬೇಕಾಯಿತು. ನಮ್ಮ ಜಂಬಿಟ್ಟಿಗೆಗೆ ಇಂಥ ಗೋಜಿಲ್ಲ.

ಶಿವಮೊಗ್ಗ ಸಿವಿಲ್

ನಿಮ್ಮ ಜಂಬಿಟ್ಟಿಗೆಯ ಹೆಸರಿನಲ್ಲೇ ಇಟ್ಟಿಗೆ ಕುಳಿತಿದೆಯಲ್ಲ, ಸ್ವಾಮಿ! ಕರಾವಳಿಯವರು ಮುರಕಲ್ಲು ಎಂದು ಕಲ್ಲಿನ ಹೆಸರನ್ನೇ ಕೊಟ್ಟರು, ನಾವು ಇಟ್ಟಿಗೆ ಎಂದೆವು. 1800ರಲ್ಲಿ ಮದ್ರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರ್ ಸುತ್ತಿದ ಫ್ರಾನ್ಸಿಸ್ ಬುಕಾನನ್ ಅದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ. ಲ್ಯಾಟಿನ್ನಿನಲ್ಲಿ ಲೇಟರ್ ಎಂದರೂ ಇಟ್ಟಿಗೆಯೇ. ನೆಲದಿಂದ ಇಟ್ಟಿಗೆಯಂತೆ ಕಡಿದು ತೆಗೆದು, ಗಾಳಿಗೆ ಬಿಟ್ಟು ಗಟ್ಟಿಯಾಗಿಸುವ ಕಲ್ಲು.

ಜಂಬಿಟ್ಟಿಗೆ ಅಭಿಮಾನಿ

ಹೆಸರು ಇಟ್ಟವನದು, ಕಲ್ಲು ನಮ್ಮದು.

ಮಾಳಿಗೆಮನೆ (ಮಾರ್ಚ್)

ಮಾತು ಬುಕಾನನ್ನನ ತನಕ ಹೋಯಿತು, ನನ್ನ ಗೋಡೆ ಇದ್ದಲ್ಲೇ ಇದೆ. ಮಗಳು ಇದನ್ನೆಲ್ಲ ಓದಿ "ಸಂದು ಕೊರೆಯದೆ ಇಟ್ಟಿಗೆಯಂತೆ ಕಾಣಿಸಲು ದಾರಿ ಇದೆಯೇ ಕೇಳಿ" ಎಂದಳು.

ತುಂಗಾತೀರ

ಇದೆ. ಸ್ವೀಡನ್ನಿನ ಹಳ್ಳಿಮನೆಗಳ ಕೆಂಪು ನೋಡಿದ್ದೀರಾ? ಫಾಲುನ್ ಎಂಬಲ್ಲಿನ ತಾಮ್ರದ ಗಣಿಯ ಮಣ್ಣಿನಿಂದ ಮಾಡುವ ಬಣ್ಣ. ಹಿಂದಿನ ಕಾಲದಲ್ಲಿ ಅಲ್ಲಿ ಇಟ್ಟಿಗೆ ಮನೆ ಶ್ರೀಮಂತಿಕೆಯ ಗುರುತು. ಮರದ ಮನೆಯವರು ಗೋಡೆಗೆ ಈ ಕೆಂಪು ಬಳಿದು ಇಟ್ಟಿಗೆಯ ಕಳೆ ತಂದರು. ಕೊರೆಯಲಿಲ್ಲ, ಬಣ್ಣದಲ್ಲೇ ಮುಗಿಸಿದರು. ಗಣಿ 1992ರಲ್ಲಿ ಮುಚ್ಚಿತು, ಬಣ್ಣ ಈಗಲೂ ಮಾಡುತ್ತಾರೆ. ಕಬ್ಬಿಣದ ಅಂಶದ ಕೆಂಪು ಮಣ್ಣು, ಹಿಟ್ಟಿನ ಗಂಜಿ, ಅಗಸೆ ಎಣ್ಣೆ, ಅನ್ನಭೇದಿ ಎಂಬ ಕಬ್ಬಿಣದ ಲವಣ. ಗಂಜಿಯಂತೆಯೇ ಕಾಯಿಸುವುದು. ಎಣ್ಣೆ ಬಣ್ಣದಂತೆ ಪೊರೆ ಕಟ್ಟುವುದಿಲ್ಲ, ಹಾಗಾಗಿ ನೆನೆದ ಮರ ಮತ್ತೆ ಒಣಗುತ್ತದೆ. ಹಳೆಯದಾದರೆ ಪದರವಾಗಿ ಏಳದೆ ಪುಡಿಯಾಗಿ ಉದುರುತ್ತದೆ. ಒರಸಿ ಮತ್ತೆ ಬಳಿದರಾಯಿತು. ಕೀಸಿದ ಹಲಗೆಗೆ ಇದು ಹಿಡಿಯುವುದಿಲ್ಲ, ಗರಗಸದ ತರಿ ಹಾಗೆಯೇ ಇರಬೇಕು.

ಹಳೆ ಕೀಸುಳಿ

ಕೀಸಬಾರದು ಎಂದರೆ ನನ್ನ ಹೆಸರಿಗೇ ಕುತ್ತು. ಆದರೂ ಮಾತು ಸರಿ ಇದೆ.

ಅನ್ನಭೇದಿ ಮಾತ್ರ ಬಿಡಿ. ಅಳಲೆಕಾಯಿ ಕಷಾಯಕ್ಕೆ ಅನ್ನಭೇದಿ ಹಾಕಿ ಕಪ್ಪು ಶಾಯಿ ಮಾಡುತ್ತಿದ್ದುದು ಹಿರಿಯರಿಗೆ ಗೊತ್ತಿರುತ್ತದೆ. ಒಗರಿರುವ ಮರಕ್ಕೆ ಅದು ತಗುಲಿದರೂ ಅದೇ ಶಾಯಿ. ಪೈನ್ ಮರದಲ್ಲಿ ಒಗರು ಕಡಿಮೆ, ಅವರಿಗೆ ನಡೆಯುತ್ತದೆ. ನಮ್ಮ ಅಕೇಶಿಯಾ, ಮತ್ತಿಗಳಲ್ಲಿ ನಡೆಯುವುದಿಲ್ಲ. ಹಲಸಿನಲ್ಲಿಯೂ ನಾನು ಹಾಕಲಾರೆ. ಕಬ್ಬಿಣದ ಮೊಳೆಯೂ ಬೇಡ, ಇದೇ ಕಾರಣಕ್ಕೆ; ಪ್ರತಿ ಮೊಳೆಯ ಕೆಳಗೆ ಕಪ್ಪು ಕಣ್ಣೀರು ಇಳಿಯುತ್ತದೆ. ತುಕ್ಕು ಹಿಡಿಯದ ಸ್ಟೇನ್‌ಲೆಸ್ ಸ್ಟೀಲ್ ತಿರುಪು ತನ್ನಿ, ದುಡ್ಡು ಹೆಚ್ಚಾದರೂ ಸರಿ.

ನನ್ನ ಯೋಚನೆ ಹೀಗೆ. ಹಲಗೆಯನ್ನು ನಾಲ್ಕಿಂಚು ಅಗಲಕ್ಕೆ ಸಿಗಿಸಿ. ಒಂದು ಹಲಗೆ ಎಂದರೆ ಇಟ್ಟಿಗೆಯ ಒಂದು ವರಸೆ. ಮೇಲಿನ ಹಲಗೆಯ ಕೆಳ ಅಂಚು ಕೆಳಗಿನದರ ಮೇಲೆ ಅರ್ಧ ಇಂಚು ಕುಳಿತುಕೊಳ್ಳಲಿ, ಅಂಚನ್ನು ಓರೆ ಮಾಡಿ ಹನಿ ಹೊರಗೆ ಬೀಳುವಂತೆ ಮಾಡುತ್ತೇನೆ. ಅಡ್ಡ ಸಂದಿನ ನೆರಳು ತಾನಾಗಿ ಬಂತು, ಕೊರೆಯುವ ಕೆಲಸವೇ ಇಲ್ಲ. ಅಗಲ ಕಡಿಮೆಯಾದಷ್ಟೂ ಹಿಗ್ಗುವಿಕೆಯೂ ಕಡಿಮೆ. ಒಂದಡಿ ಹಲಗೆ ಬೇಸಿಗೆಗೂ ಮಳೆಗೂ ನಡುವೆ ಐದಾರು ಮಿಲಿಮೀಟರ್ ಓಡಾಡಿದರೆ ನಾಲ್ಕಿಂಚಿನದು ಎರಡು. ಪ್ರತಿ ರೀಪಿಗೆ ಒಂದೇ ತಿರುಪು. ಮೇಲೆ ಒಂದು, ಕೆಳಗೆ ಒಂದು ಹಾಕಿ ಬಿಗಿದರೆ ಹಲಗೆ ನಡುವೆ ಸೀಳುತ್ತದೆ. ಹಿಂದೆ ಒಂದಿಂಚು ಗಾಳಿ ಬಿಡಬೇಕು, ಕೆಳಗೂ ಮೇಲೂ ಗಾಳಿ ಆಡಲು ತೆರೆದಿರಬೇಕು, ಅಲ್ಲಿ ಬಲೆ ಹೊಡೆಯಬೇಕು. ಇಲ್ಲದಿದ್ದರೆ ಮೊದಲ ವರ್ಷವೇ ಬಾವಲಿ, ಕಡಜ ಬಾಡಿಗೆಯಿಲ್ಲದೆ ಸೇರಿಕೊಳ್ಳುತ್ತವೆ. ಹಲಸಿನ ಬಿಳಿ ಭಾಗವನ್ನೆಲ್ಲ ತೆಗೆದು ಕೆಚ್ಚು ಮಾತ್ರ ಬಳಸಿ.

ನಿಲುವು ಸಂದು ಬೇಕೇ ಬೇಕೆಂದರೆ ಸುಣ್ಣದಲ್ಲಿ ಗೆರೆ ಎಳೆಯಿರಿ.

ತುಂಗಾತೀರ

ಸುಣ್ಣದ ಗೆರೆಗೆ ನಗಬೇಡಿ. ಇಲ್ಲಿ ನಿಜವಾದ ಇಟ್ಟಿಗೆ ಮನೆಗಳಿಗೇ ಕೆಂಪು ಬಣ್ಣ ಬಳಿದು, ಸಂದಿನ ಮೇಲೆ ಬಿಳಿ ಗೆರೆ ಬರೆಯುತ್ತಿದ್ದರು. ಸಂದು ನೇರವಾಗಿ ಕಾಣಲೆಂದು.

ಶಿವಮೊಗ್ಗ ಸಿವಿಲ್

ಒಂದೇ ಸಲ ಇಡೀ ಗೋಡೆ ಮಾಡಬೇಡಿ. ಎರಡಡಿ ಚೌಕದ ಮೂರು ತುಂಡು ಮಾಡಿ ಒಂದು ಮಳೆಗಾಲ ಹೊರಗಿಡಿ. ಮಾದರಿ ಇಡುವುದಾದರೆ ಸೂರಿನ ಆಸರೆ ಇಲ್ಲದ ಕಡೆ ಇಡಿ. ಇನ್ನೊಂದು: ಬೋರಾಕ್ಸ್, ಬೋರಿಕ್ ಆಮ್ಲದ ನೀರಿನಲ್ಲಿ ಅದ್ದಿದರೆ ಒರಲೆಗೆ ಒಳ್ಳೆಯದು ಎನ್ನುವವರಿದ್ದಾರೆ. ಒಳಗಿನ ಮರಕ್ಕೆ ನಿಜ. ಎರಚಲು ಬೀಳುವ ಕಡೆ ಅದು ತೊಳೆದು ಹೋಗುತ್ತದೆ. ಹೊಸದಾಗಿ ಮರ ಕಡಿಯುವುದಾದರೆ 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ, ಮೊದಲು ಅರಣ್ಯ ಇಲಾಖೆಯಲ್ಲಿ ಕೇಳಿ.

ಮಾಳಿಗೆಮನೆ (ಅಕ್ಟೋಬರ್)

ಬಹಳ ದಿನವಾಯಿತು, ಕ್ಷಮಿಸಿ. ಕೊಳೆರೋಗದ ಔಷಧಿ ಹೊಡೆಯುವುದರಲ್ಲಿ ಮಳೆಗಾಲ ಮುಗಿಯಿತು. ಮೇ ಕೊನೆಯಲ್ಲಿ ಮೂರು ಮಾದರಿಗಳನ್ನು ಕೊಟ್ಟಿಗೆಯ ಪಶ್ಚಿಮ ಗೋಡೆಗೆ ತೂಗುಹಾಕಿದ್ದೆ. ಮೂರೂ ಹಲಸಿನ ಕೆಚ್ಚು.

ಮೊದಲನೆಯದರಲ್ಲಿ ಎರಡೂ ದಿಕ್ಕಿನ ಸಂದು ಕೊರೆಸಿ ಎಣ್ಣೆ ಬಣ್ಣ ಹಚ್ಚಿದ್ದೆ, ಮಗಳ ಹಠಕ್ಕೆ. ಮೇ ತಿಂಗಳಲ್ಲಿ ಅದರಷ್ಟು ಚೆಂದ ಯಾವುದೂ ಇರಲಿಲ್ಲ. ಪುನರ್ವಸು ಮಳೆಯಲ್ಲಿ ನಿಲುವು ಸಂದಿನ ದಡದಿಂದ ಬಣ್ಣ ಏಳಲು ಶುರುವಾಯಿತು. ಅಡ್ಡ ಸಂದಿನ ಬಳಿ ಏನೂ ಆಗಿರಲಿಲ್ಲ. ಆಶ್ಲೇಷಕ್ಕೆ ಪ್ರತಿ ಇಟ್ಟಿಗೆಯ ಎರಡೂ ತುದಿಯಲ್ಲಿ ಕಪ್ಪು ಬೂಷ್ಟು, ಒಂದು ಹಲಗೆ ಸಂದಿನ ಮೂಲೆಯಿಂದ ಸೀಳಿತು. ಕೀಸುಳಿಯವರ ಮಾತನ್ನು ಗೋಡೆಯೇ ಬರೆದು ತೋರಿಸಿದಂತಿತ್ತು.

ಎರಡನೆಯದು ನಾಲ್ಕಿಂಚಿನ ಹಲಗೆ, ಒಂದರ ಮೇಲೊಂದು. ನೆಲಕ್ಕೆ ಹಾಕುವ ರೆಡ್ ಆಕ್ಸೈಡ್ ಪುಡಿ, ಮೈದಾ ಗಂಜಿ, ಅಗಸೆ ಎಣ್ಣೆ ಸೇರಿಸಿ ಬಳಿದೆ; ಅನ್ನಭೇದಿ ಮಾತ್ರ ಹಾಕಲಿಲ್ಲ. ಗಂಜಿ ಕಾಯಿಸುವಾಗ ಮನೆಯವಳ ದೊಡ್ಡ ಪಾತ್ರೆ ಕೆಂಪಾಗಿ ಹೋಯಿತು, ಆ ಪ್ರಕರಣ ಇನ್ನೂ ಇತ್ಯರ್ಥವಾಗಿಲ್ಲ. ಸುಣ್ಣದ ಗೆರೆ ಆರಿದ್ರಾ ಮಳೆಗೇ ತೊಳೆದು ಹೋಯಿತು. ಕೆಂಪು ಸ್ವಲ್ಪ ಮಾಸಿದೆ, ಕೈ ಹಚ್ಚಿದರೆ ಪುಡಿ ಹತ್ತುತ್ತದೆ. ಹಲಗೆ ನೆಟ್ಟಗಿದೆ, ಹಿಂಬದಿ ಒಣಗಿದೆ.

ಮೂರನೆಯದಕ್ಕೆ ಬರೀ ಗೇರೆಣ್ಣೆ. ಕಾಡಿಗೆಯಷ್ಟು ಕಪ್ಪಾಗಿದೆ, ಬೇರೇನೂ ಆಗಿಲ್ಲ. ಆದರೆ ಅದನ್ನು ಇಟ್ಟಿಗೆ ಎಂದು ಕುರುಡನೂ ಒಪ್ಪುವುದಿಲ್ಲ.

ಎರಡನೆಯದನ್ನು ಮೇಲೆ ಕಟ್ಟಿ ಅಂಗಳದಿಂದ ನೋಡಿದೆವು. ನಿಲುವು ಗೆರೆ ಇಲ್ಲದಿದ್ದರೂ ಜಗುಲಿಯ ಇಟ್ಟಿಗೆಯ ವರಸೆಗೂ ಇದರ ವರಸೆಗೂ ಹೊಂದುತ್ತದೆ. ಗೆರೆ ಬೇಡ ಎಂದು ಮಗಳೇ ಹೇಳಿದಳು. ಚಿತ್ರ ಹಾಕಿದ್ದೇನೆ.

ಜಂಬಿಟ್ಟಿಗೆ ಅಭಿಮಾನಿ

ಚಿತ್ರ ನೋಡಿದೆ. ತರಿತರಿಯಾದ ಕೆಂಪು, ಅಲ್ಲಲ್ಲಿ ಮಾಸಲು. ಇದು ಇಟ್ಟಿಗೆಯಂತೆ ಎಲ್ಲಿ ಕಾಣುತ್ತದೆ? ಅಪ್ಪಟ ಜಂಬಿಟ್ಟಿಗೆಯಂತೆ ಕಾಣುತ್ತದೆ. ಪರವಾಗಿಲ್ಲ.

ಕೊಪ್ಪದ ಕಾಫಿಗಿಡ

ಗಂಜಿಗೆ ಎಷ್ಟು ಪುಡಿ, ಎಷ್ಟು ಎಣ್ಣೆ ಎಂದು ಅಳತೆ ಹಾಕಿ. ನನ್ನ ಎರಡು ಕೋಣೆ ಇನ್ನೂ ಬರೀ ಸಿಮೆಂಟಿನಲ್ಲಿ ನಿಂತಿವೆ.

ಹಳೆ ಕೀಸುಳಿ

ಹಲಗೆ ಸಿಗಿಸಲು ಸಾಮಿಲ್ಲಿಗೆ ಈಗಲೇ ಹಾಕಿ, ಒಂದು ತಿಂಗಳು ನೆರಳಿನಲ್ಲಿ ಅಡ್ಡಪಟ್ಟಿ ಕೊಟ್ಟು ಅಟ್ಟಿ ಒಟ್ಟಿರಲಿ. 18 ಚದರ ಮೀಟರ್ ಎಂದರೆ ಮೇಲೆ ಕುಳಿತುಕೊಳ್ಳುವ ಅರ್ಧ ಇಂಚನ್ನೂ ಸೇರಿಸಿ ಲೆಕ್ಕ ಹಾಕಿ, ಇಲ್ಲದಿದ್ದರೆ ಕೊನೆಯ ಮೂರು ವರಸೆಗೆ ಹಲಗೆ ಸಾಲದೆ ಬರುತ್ತದೆ. ನಿಮ್ಮ ಅಡಿಕೆ ಕೊಯ್ಲು ಯಾವಾಗ ಎಂದು ತಿಳಿಸಿ. ಅದಕ್ಕೆ ಮೊದಲು ಬಂದು ಒಂದು ವಾರ ಇರುತ್ತೇನೆ.